ಇಬ್ಬರೂ ಒಬ್ಬರೇನಾ?

ಇದನ್ನು ಹೇಳುವ ಅಧಿಕಾರ ಯಾರಿಗಿದೆಯೋ ತಿಳಿಯದು. ಹೇಳಬೇಕಾಗಿದ್ದ ಕಚೇರಿ ಹೇಳಲಿಲ್ಲ, ಹೇಳಬಹುದಾಗಿದ್ದ ಮನೆಯವರು ಆ ಗೋಜಿಗೇ ಹೋಗಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ಅಂಗೈಯಗಲದ ಒಂದು ಬಾಕ್ಸಿನ ಸುತ್ತ ಕಥೆ ಹೇಳಹೊರಟದ್ದು ಅತಿಯಾಯಿತು ಅನ್ನಿಸಿದರೆ ಓದುವವರು ಮನ್ನಿಸಬೇಕು. ಎಲ್ಲಾದರೂ ತಪ್ಪಿದ್ದರೆ ಅದು ಹೇಳಿದವರ ತಪ್ಪು. ಅದನ್ನೂ ಅನುಸೂಯಳ ತಲೆಗೆ ಕಟ್ಟುವುದು ಬೇಡ.

ಈರಬಸಪ್ಪ ಅಂಗಿಯ ಒಳಜೇಬಿನಿಂದ ಚೀಟಿ ತೆಗೆದು, ಮಡಿಕೆ ಬಿಡಿಸಿ, ಮೇಜಿನ ಅಂಚಿಗೆ ಒತ್ತಿ ನೇರ ಮಾಡಿ ಅವಳ ಮುಂದಿಟ್ಟ. ಕಫ ಪರೀಕ್ಷೆಗೆ ಕೊಟ್ಟವರಿಗೆ ಹರಿದುಕೊಡುವ ಅರ್ಧ ಚೀಟಿ ಅದು. ನಂಬರು, ಊರು, ಹೆಸರು, ವಯಸ್ಸು. ಬೆವರಿಗೆ ನೆನೆದು ಒಣಗಿ ಕಾಗದ ಬಟ್ಟೆಯಂತೆ ಮೆತ್ತಗಾಗಿತ್ತು. ಅವನ ಹೆಗಲ ಮೇಲೆ ಕರಿ ಕಂಬಳಿ ಇತ್ತು. ಮೈಮೇಲೆ ಕುರಿಯ ವಾಸನೆ, ಬಸ್ಸಿನ ಧೂಳು. ಧರ್ಮಪುರದ ಆಚೆಯ ಹಟ್ಟಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು, ಹಿರಿಯೂರಿನಲ್ಲಿ ಇಳಿದರೆ ಅಲ್ಲಿನ ಸೆಂಟರಿನವರು ಚಿತ್ರದುರ್ಗಕ್ಕೇ ಹೋಗಿ ಕೇಳು ಅಂದರಂತೆ.

"ಗುಳಿಗೆ ಯಾವತ್ತು ಬರ್ತೈತ್ರಿ?" ಎಂದ.

ಅನುಸೂಯ ಚೀಟಿಯ ನಂಬರನ್ನು ಕಂಪ್ಯೂಟರಿಗೆ ಹಾಕಿದಳು. ಅವಳು ಆ ಟ್ರಸ್ಟಿನ ಕಂಪ್ಯೂಟರ್ ಸಹಾಯಕಿ. ಟ್ರಸ್ಟು ಮೂರು ತಾಲ್ಲೂಕುಗಳಲ್ಲಿ ಕ್ಷಯದ ಪರೀಕ್ಷೆ ಮಾಡಿಸಿ, ರೋಗ ಇದ್ದವರ ಹೆಸರನ್ನು ಪ್ರತಿ ಸೋಮವಾರದ ಪಟ್ಟಿಯಲ್ಲಿ ಕಾರ್ಯಕರ್ತರಿಗೆ ಕಳಿಸುತ್ತಿತ್ತು. ಪಟ್ಟಿ ಹಿಡಿದು ಅವರು ಮನೆಮನೆಗೆ ಹೋಗಿ ಮಾತ್ರೆ ನುಂಗಿಸುತ್ತಿದ್ದರು. ಪರದೆಯ ಮೇಲೆ ದಾಖಲೆ ತೆರೆಯಿತು. ಬೊಮ್ಮಕ್ಕ, ವಯಸ್ಸು ಅರವತ್ತಾರು. ಕಫದಲ್ಲಿ ರೋಗ ಇದೆ. ಅದರ ಕೆಳಗಿನ ಸಾಲಿನಲ್ಲಿ ತೀರಿಕೊಂಡಿದ್ದಾರೆ ಎಂದಿತ್ತು.

ಇಂಥದ್ದನ್ನು ಎದುರಿಗಿದ್ದವರಿಗೆ ಹೇಗೆ ಹೇಳುವುದು ಎಂದು ಅವಳು ತಡವರಿಸಿದಳು. ನಿಮ್ಮ ತಾಯಿ ಹೋಗಿಬಿಟ್ಟಿದ್ದಾರೆ ಅಂತ ಬರೆದಿದ್ದಾರಲ್ಲ ಎಂದಳು.

"ಅದು ನಮ್ಮವ್ವ ಕಣಮ್ಮ. ಶ್ರಾವಣದಾಗೆ ಹೋದ್ಲು. ಈ ಚೀಟಿ ನನ್ ಮಗಳ್ದು."

"ಮಗಳ ಹೆಸರು?"

"ಬೊಮ್ಮಕ್ಕ. ಅವ್ವನ ಹೆಸರೇ ಇಟ್ಟಿದ್ದು."

ಅನುಸೂಯ ಚೀಟಿಯನ್ನು ಕೈಗೆ ತೆಗೆದುಕೊಂಡಳು. ಪೆನ್ನಿನಲ್ಲಿ ಬರೆದ ವಯಸ್ಸು ಮಸುಕಾಗಿದ್ದರೂ ಕಾಣುತ್ತಿತ್ತು. ಹತ್ತೊಂಬತ್ತು. ತಾರೀಖು ಕಾರ್ತಿಕದ್ದು. ಈಗ ಶಿವರಾತ್ರಿ ಕಳೆದು ಒಂದು ವಾರ. ನಾಲ್ಕು ತಿಂಗಳು. ಹುಡುಗಿ ಎಲ್ಲಿದ್ದಾಳೆ ಎಂದು ಕೇಳಿದಳು.

"ಕೆಳಗೆ ಮೆಟ್ಲ ಮ್ಯಾಲೆ ಕುಂತವ್ಳೆ," ಎಂದ ಈರಬಸಪ್ಪ. "ಹತ್ತಾಕ್ ಆಗ್ಲಿಲ್ಲ."

ಕಚೇರಿ ಇದ್ದದ್ದು ಎರಡನೇ ಮಹಡಿಯಲ್ಲಿ. ಅನುಸೂಯ ಇಳಿದು ಹೋದಳು. ಹುಡುಗಿ ಕೊನೆಯ ಮೆಟ್ಟಿಲಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಮೊಣಕೈ ಮೂಳೆ ರವಿಕೆಯ ತೋಳಿನಲ್ಲಿ ಎದ್ದು ಕಾಣುತ್ತಿತ್ತು; ಬಳೆ ಜಾರದಿರಲೆಂದು ದಾರ ಸುತ್ತಿಕೊಂಡಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದಳು. ಕೆಮ್ಮು ಮುಗಿದ ಮೇಲೆ ಸೆರಗಿನ ತುದಿಯನ್ನು ಯಾರೂ ನೋಡಬಾರದೆಂಬಂತೆ ಮುಷ್ಟಿಯೊಳಗೆ ಮುದುರಿದಳು.

ಅವತ್ತೇ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎದೆರೋಗದ ವಾರ್ಡಿಗೆ ಸೇರಿಸಿದ್ದಾಯಿತು. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಈರಬಸಪ್ಪನನ್ನು ಗದರಿದರು. ಕಾಯುತ್ತಿದ್ದೆವು ಎಂದು ಅವನು ಹೇಳಿದ. ಎರಡು ಕಡೆಯ ಪುಪ್ಪುಸವೂ ಹಾಳಾಗಿವೆ, ಔಷಧಿ ಇವತ್ತಿಂದಲೇ ಶುರು, ಆದರೆ ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ಹಾಸಿಗೆಯ ಮೇಲೆ ಒರಗಿದ ಹುಡುಗಿ ಅಪ್ಪ ಅತ್ತ ಹೋದದ್ದನ್ನು ನೋಡಿಕೊಂಡು ಅನುಸೂಯಳನ್ನು ಹತ್ತಿರ ಕರೆದಳು.

"ಅಕ್ಕ, ನಾನು ಕಂಪ್ಯೂಟರಾಗೆ ಸತ್ತೋಗಿದೀನಂತೆ, ಹೌದಾ?" ಎಂದಳು. ಸೆರಗಿನ ಹಿಂದೆ ನಗುತ್ತಿದ್ದಳು. "ನಮ್ಮಜ್ಜಿ ಕೇಳಿದ್ರೆ ಬಿದ್ದು ಬಿದ್ದು ನಗೋಳು."

ಅನುಸೂಯಳಿಗೆ ಆಗಲೇ ತಾನು ಮಾಡಿದ ಬಾಕ್ಸಿನ ಮೇಲೆ ಸಂಶಯ ಬಂದಿತ್ತು.

ಅವಳು ಹೊಳಲ್ಕೆರೆಯವಳು. ಹಗಲು ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆ ಆರರಿಂದ ಎಂಟರವರೆಗೆ ಬಸ್ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕುಳಿತು ಎರಡು ವರ್ಷ ಕಲಿತವಳು. ಕಾಲೇಜಿನಲ್ಲಿ ಓದಿದವರ ಎದುರು ತನ್ನದು ಅರೆಬರೆ ವಿದ್ಯೆ ಎಂಬ ಅಂಜಿಕೆ ಅವಳನ್ನು ಎಂದೂ ಬಿಟ್ಟಿರಲಿಲ್ಲ. ಅದಕ್ಕೇ ಒಂದು ಕಾಗದ ಕಳಿಸುವುದಿದ್ದರೂ ಮೂರು ಸಲ ಓದುತ್ತಿದ್ದಳು. ಟ್ರಸ್ಟಿನ ರೋಗಿಗಳ ದಾಖಲೆಯ ಪುಟಗಳನ್ನು ಬೆಂಗಳೂರಿನ ಯಾರೋ ಮಾಡಿಕೊಟ್ಟು ಹೋಗಿದ್ದರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸೆಂಟರುಗಳಲ್ಲಿ ಕುಳಿತವರು ಬ್ರೌಸರಿನಲ್ಲಿ ಹೆಸರು ತುಂಬಿದರೆ ಚಿತ್ರದುರ್ಗದ ಕಂಪ್ಯೂಟರಿಗೆ ಬಂದು ಸೇರುತ್ತಿತ್ತು. ಅದನ್ನು ನೋಡಿಕೊಳ್ಳುವ, ಕೆಟ್ಟರೆ ಸರಿ ಮಾಡುವ ಕೆಲಸ ಅನುಸೂಯಳದು.

ತೊಂದರೆ ಶುರುವಾದದ್ದು ಹೋದ ವರ್ಷ. ಒಬ್ಬ ರೋಗಿಗೆ ಎರಡು ಮೂರು ಸಲ ಕಫ ಪರೀಕ್ಷೆ ಆಗುತ್ತದೆ. ಪ್ರತಿ ಸಲವೂ ಸೆಂಟರಿನವರು ಹೊಸದಾಗಿ ಹೆಸರು ಹಾಕುತ್ತಿದ್ದರು. ಮೇಲಿನಿಂದ ಬಂದ ಅಧಿಕಾರಿಯೊಬ್ಬರು ವರದಿ ಓದಿ, ಈ ಹಟ್ಟಿಯಲ್ಲಿ ಜನರಿಗಿಂತ ರೋಗಿಗಳೇ ಜಾಸ್ತಿ ಇದ್ದಾರಲ್ಲ ಎಂದು ಎಲ್ಲರೆದುರು ನಕ್ಕರು. ಕಚೇರಿಯ ಮುಖ್ಯಸ್ಥ ಜಂಪಣ್ಣನವರ ಮುಖ ಕೆಂಪಾಯಿತು. ಇನ್ನು ಮುಂದೆ ಒಬ್ಬರ ಹೆಸರು ಎರಡು ಸಲ ಬರಕೂಡದು ಎಂದು ಅವರು ಅನುಸೂಯಳಿಗೆ ಹೇಳಿದರು.

ಅವಳು ಮೊದಲು ಬ್ರೌಸರಿನದೇ ಸಣ್ಣ ಪ್ರಶ್ನೆಯನ್ನು ಹಾಕಿ ನೋಡಿದಳು. ಅದು ಇಂಗ್ಲಿಷಿನಲ್ಲಿ ಓಕೆ, ಕ್ಯಾನ್ಸಲ್ ಎನ್ನುತ್ತಿತ್ತು, ಸೆಂಟರಿನವರು ಓದದೆ ಒತ್ತುತ್ತಿದ್ದರು. ಕನ್ನಡದಲ್ಲಿ ಕೇಳಿದರೆ ಓದಿಯಾರು ಎಂದು ಅವಳಿಗೆ ಅನ್ನಿಸಿತು. ಎರವಲು ತಂದ ಜಾವಾಸ್ಕ್ರಿಪ್ಟ್ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಬೇರೆಯವರ ಪುಟಗಳನ್ನು ತೆರೆದು ಅವರು ಹೇಗೆ ಬರೆದಿದ್ದಾರೆಂದು ನೋಡಿಕೊಂಡು ಮೂರು ವಾರ ಕುಳಿತಳು. ಪುಸ್ತಕದಲ್ಲಿ ಅದಕ್ಕೆ ಮೋಡಲ್ ಡೈಲಾಗ್ ಎಂದು ಹೆಸರಿತ್ತು. ಸೆಂಟರಿನವರಿಗೆ ಅದು ಬಾಕ್ಸು. ಹೆಸರು, ಊರು, ಮನೆಯ ಯಜಮಾನನ ಹೆಸರು ಮೂರೂ ಹಳೆಯ ದಾಖಲೆಗೆ ಹೊಂದಿಕೊಂಡರೆ ಪುಟವೆಲ್ಲ ಬೂದಿ ಎರಚಿದಂತೆ ಮಂಕಾಗಿ, ನಟ್ಟನಡುವೆ ಬಿಳಿಯ ಬಾಕ್ಸು ಮೂಡುತ್ತಿತ್ತು. ಈ ಹೆಸರಿನವರು ಈ ಮನೆಯಲ್ಲಿ ಆಗಲೇ ಇದ್ದಾರೆ. ಇಬ್ಬರೂ ಒಬ್ಬರೇನಾ? ಕೆಳಗೆ ಹೌದು, ಅಲ್ಲ ಎಂಬ ಎರಡು ಗುಂಡಿ. ಉತ್ತರ ಕೊಡುವ ತನಕ ಹಿಂದಿನ ಪುಟದಲ್ಲಿ ಏನನ್ನು ಒತ್ತಿದರೂ ಮಿಸುಕದು. ಹೌದು ಎಂದರೆ ಹೊಸ ಚೀಟಿ ಹಳೆಯ ದಾಖಲೆಗೆ ಸೇರಿಹೋಗುತ್ತಿತ್ತು. ಅದು ಮೊದಲ ಸಲ ಸರಿಯಾಗಿ ಮೂಡಿ ನಿಂತಾಗ ಅನುಸೂಯ ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ್ದಳು, ಬಾಗಿಲಿಗೆ ರಂಗೋಲಿ ಹಾಕಿ ನೋಡುವವರ ಹಾಗೆ.

"ಅಕ್ಕಾರೆ, ನಿಮ್ ಬಾಕ್ಸು ನಮ್ಮತ್ತೆ ಇದ್ದಂಗೈತೆ," ಎಂದು ಹಿರಿಯೂರಿನ ಓಬಳೇಶ ಫೋನು ಮಾಡಿದ್ದ. "ಉತ್ತರ ಕೊಡೋ ತಂಕ ಬಾಗ್ಲು ಬಿಡಲ್ಲ."

ನಗುತ್ತಲೇ ಅವನು ಒಂದು ಬೇಡಿಕೆಯನ್ನೂ ಮುಂದಿಟ್ಟ. ಸಂಜೆ ನಲವತ್ತು ಚೀಟಿ ಕೂಡಿರುತ್ತವೆ, ಪ್ರತಿ ಸಲ ಮೌಸು ಹಿಡಿಯುವುದು ಕಷ್ಟ, ಎಂಟರ್ ಒತ್ತಿದರೆ ಮುಂದಕ್ಕೆ ಹೋಗುವಂತೆ ಮಾಡಿಕೊಡಿ ಎಂದ. ಹೊಳಲ್ಕೆರೆಯವರೂ ಅದನ್ನೇ ಹೇಳಿದರು. ಅನುಸೂಯ ಎರಡು ದಿನ ಯೋಚಿಸಿದಳು. ನೂರರಲ್ಲಿ ತೊಂಬತ್ತೆಂಟು ಸಲ ಉತ್ತರ ಹೌದು ಎಂದೇ ಇತ್ತು. ಎಂಟರ್ ಒತ್ತಿದರೆ ಹೌದು ಎಂದಾಗುವಂತೆ ಮಾಡಿಟ್ಟಳು.

ಮರುದಿನ ಆಸ್ಪತ್ರೆಯಿಂದ ಕಚೇರಿಗೆ ಬಂದವಳು ಈರಬಸಪ್ಪನ ಚೀಟಿಯಲ್ಲಿದ್ದುದನ್ನು ಇದ್ದ ಹಾಗೇ, ಓಬಳೇಶ ತುಂಬಿದ್ದ ಕ್ರಮದಲ್ಲೇ ಪುಟವನ್ನು ಪರೀಕ್ಷಿಸಲೆಂದು ಬೇರೆ ಇಟ್ಟಿದ್ದ ಪ್ರತಿಯಲ್ಲಿ ತುಂಬಿದಳು. ಊರು. ಯಜಮಾನ, ಈರಬಸಪ್ಪ. ಹೆಸರು, ಬೊಮ್ಮಕ್ಕ. ವಯಸ್ಸಿನ ಪಟ್ಟಿ ಬಿಚ್ಚಿ ಹತ್ತೊಂಬತ್ತನ್ನು ಆರಿಸಿದಳು. ಸೇವ್ ಒತ್ತಿದಳು. ಪುಟ ಮಂಕಾಯಿತು, ಬಾಕ್ಸು ಬಂತು. ಹಿಂದೆ ಹೆಸರು ಕಾಣುತ್ತಿತ್ತು, ಊರು ಕಾಣುತ್ತಿತ್ತು. ಹತ್ತೊಂಬತ್ತು ಇದ್ದ ಜಾಗ ಖಾಲಿ.

ಯಾಕೆ ಖಾಲಿ ಎಂಬುದು ಅವಳಿಗೆ ಕೂಡಲೇ ನೆನಪಾಯಿತು. ಸೆಂಟರುಗಳಲ್ಲಿದ್ದ ಹಳೆಯ ಬ್ರೌಸರಿಗೆ ಒಂದು ಕೆಟ್ಟ ಚಾಳಿ ಇತ್ತು. ಒತ್ತಿದರೆ ಕೆಳಕ್ಕೆ ಬಿಚ್ಚಿಕೊಳ್ಳುವ ಪಟ್ಟಿಗಳು ಯಾವ ಮರೆಗೂ ಬಗ್ಗದೆ, ಬಾಕ್ಸನ್ನೇ ತೂರಿಕೊಂಡು ಮೇಲೆ ಬಂದು ಕೂರುತ್ತಿದ್ದವು. ನೋಡಲು ಹರಿದ ಅಂಗಿಯಿಂದ ಮೊಣಕೈ ಹೊರಬಂದಂತೆ ಕಾಣುತ್ತಿತ್ತು. ಇದಕ್ಕೆ ಎಲ್ಲರೂ ಮಾಡುತ್ತಿದ್ದ ಉಪಾಯ ಒಂದೇ: ಬಾಕ್ಸು ತೆರೆದಿರುವಷ್ಟು ಹೊತ್ತು ಪುಟದ ಪಟ್ಟಿಗಳನ್ನೆಲ್ಲ ಕಾಣದಂತೆ ಮಾಡಿಬಿಡುವುದು. ಒಂದು ಸಾಲಿನ ಕೆಲಸ. ಅವಳೂ ಮಾಡಿದ್ದಳು. ವಯಸ್ಸನ್ನು ಪಟ್ಟಿಯಾಗಿ ಮಾಡಿದವಳೂ ಅವಳೇ. ಅರವತ್ತಾರು ಎಂದು ಒತ್ತಲು ಹೋಗಿ ಆರುನೂರ ಅರವತ್ತು ಒತ್ತುತ್ತಾರೆ, ತಪ್ಪಾಗದಿರಲಿ ಎಂದು.

ಇಬ್ಬರೂ ಒಬ್ಬರೇನಾ ಎಂದು ಕೇಳುವ ಹೊತ್ತಿಗೆ, ಅಲ್ಲ ಎಂದು ಹೇಳಬಹುದಾಗಿದ್ದ ಒಂದೇ ಒಂದು ಗುರುತನ್ನು ಅವಳು ತಾನೇ ಮುಚ್ಚಿದ್ದಳು.

ಓಬಳೇಶನಿಗೆ ಫೋನು ಮಾಡಿದಾಗ ಅವನಿಗೆ ಆ ಚೀಟಿಯ ನೆನಪೇ ಇರಲಿಲ್ಲ. ಕಾಗದದ ಚೀಟಿಗಳನ್ನು ತಿಂಗಳ ಕೊನೆಗೆ ಹರಿದು ಹಾಕಬೇಕೆಂದು ಜಂಪಣ್ಣನವರದೇ ಆದೇಶವಿತ್ತು, ಕಂಪ್ಯೂಟರ್ ಬಂದ ಮೇಲೆ ಕಾಗದ ಯಾಕೆ ಎಂದು. ಆಮೇಲೆ ಅವನು ನಿಧಾನವಾಗಿ ಮಾತಾಡಿದ.

"ನಮ್ಮ ಕಡೆ ಅಜ್ಜಿ ಹೆಸರು ಮೊಮ್ಮಗಳಿಗೆ ಇಡೋದು ನಂಗೊತ್ತಿಲ್ವಾ ಅಕ್ಕ? ನನ್ ಹೆಸರೇ ನಮ್ಮ ತಾತಂದು. ಗೊತ್ತಿದ್ದೂ ಒತ್ತಿದೀನಿ ಅಂದ್ರೆ ಏನ್ ಹೇಳ್ಲಿ."

ಆ ಹಟ್ಟಿಗೆ ಮಾತ್ರೆ ಕೊಡಲು ಹೋಗುತ್ತಿದ್ದ ಎರ್ರಿಸ್ವಾಮಿಯನ್ನೂ ಕರೆಸಿ ಕೇಳಿದ್ದಾಯಿತು. ಐವತ್ತು ದಾಟಿದ, ಟಿವಿಎಸ್ ಮೇಲೆ ದಿನಕ್ಕೆ ನಲವತ್ತು ಮೈಲಿ ಓಡಾಡುವ ಮನುಷ್ಯ. ಅಜ್ಜಿ ಬೊಮ್ಮಕ್ಕನಿಗೆ ಆರು ತಿಂಗಳು ಮಾತ್ರೆ ನುಂಗಿಸಿದವನು ಅವನೇ. ಚಿಕಿತ್ಸೆ ಮುಗಿದ ಮೇಲೆ ಶ್ರಾವಣದಲ್ಲಿ ಅವಳು ಹೋದಾಗ ಹೆಣಕ್ಕೆ ಹೆಗಲು ಕೊಟ್ಟಿದ್ದ. ಕಾರ್ತಿಕದ ಒಂದು ಸೋಮವಾರ ಪಟ್ಟಿಯಲ್ಲಿ ಬೊಮ್ಮಕ್ಕ, ಅರವತ್ತಾರು ಎಂದು ಮತ್ತೆ ಬಂದಾಗ, ಇದೇನು ಕಂಪ್ಯೂಟರಿಗೆ ಹುಚ್ಚೇ ಎಂದುಕೊಂಡು ಕೆಂಪು ಪೆನ್ನಿನಲ್ಲಿ ಹೊಡೆದು ತೀರಿಕೊಂಡಿದ್ದಾರೆ ಎಂದು ಬರೆದು ಕಳಿಸಿದ. ಸುಳ್ಳು ಬರೆದಿರಲಿಲ್ಲ.

ಹುಡುಗಿಯ ತಾಯಿ ಒಂದು ಸಲ ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ದಳಂತೆ, ನಮ್ಮ ಸಣ್ಣವ್ವನ ಹೆಸರು ಬಂತಾ ಎಂದು. ಅತ್ತೆಯ ಹೆಸರು ಬಾಯಲ್ಲಿ ಬರಬಾರದೆಂದು ಮಗಳನ್ನು ಆ ಮನೆಯಲ್ಲಿ ಹುಟ್ಟಿದಾಗಿನಿಂದ ಹಾಗೇ ಕರೆಯುತ್ತಿದ್ದರು. ಅವನು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ಸಣ್ಣವ್ವ ಅಂತ ಯಾರೂ ಇಲ್ಲ, ಹುಡುಗಿಯರೇ ಇಲ್ಲ, ಇನ್ನೂ ಬಂದಿಲ್ಲ, ಕಾಯ್ರಿ ಎಂದಿದ್ದ. ಈರಬಸಪ್ಪ ಊರಲ್ಲಿರಲಿಲ್ಲ. ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಭದ್ರಾ ನೀರಿನ ಸೀಮೆಗೆ ಹೋದವನು ಶಿವರಾತ್ರಿಗೆ ಬಂದು ನೋಡಿದರೆ ಮಗಳು ಗೋಡೆ ಹಿಡಿದು ನಡೆಯುತ್ತಿದ್ದಳು.

ಇಷ್ಟನ್ನೂ ಹೇಳಿ ಎರ್ರಿಸ್ವಾಮಿ ಎರಡೂ ಕೈಯಿಂದ ಮುಖ ಒರೆಸಿಕೊಂಡು, "ಪ್ರತಿ ಸೋಮಾರ ಆ ಮನೆ ಮುಂದೇ ಹೋಗ್ತಿದ್ನಲ್ಲಮ್ಮ," ಎಂದ.

ಜಂಪಣ್ಣನವರು ಕೆಟ್ಟವರಲ್ಲ. ಅನುಸೂಯ ಎಲ್ಲವನ್ನೂ ಹೇಳಿ ಮುಗಿಸುವ ತನಕ ಅವರು ನಡುವೆ ಬಾಯಿ ಹಾಕಲಿಲ್ಲ. ಬಾಗಿಲು ಮುಚ್ಚಿ ಬಂದು ಕುಳಿತರು. ಟ್ರಸ್ಟಿನ ಕೆಲಸ ಈ ತಿಂಗಳ ಕೊನೆಗೆ ಮುಂದುವರಿಯಬೇಕೋ ಬೇಡವೋ ಎಂದು ಮೇಲಿನವರು ನಿರ್ಧರಿಸುವವರಿದ್ದಾರೆ, ಹದಿನಾಲ್ಕು ಜನರ ಹೊಟ್ಟೆಪಾಡು ಇದರ ಮೇಲೆ ನಿಂತಿದೆ, ಟ್ರಸ್ಟೇ ನಿಂತುಹೋದರೆ ಮೂರು ತಾಲ್ಲೂಕಿನ ರೋಗಿಗಳ ಗತಿ ಏನು ಎಂದು ಕೇಳಿದರು. ವರದಿಯಲ್ಲಿ ರೋಗಿ ಚಿಕಿತ್ಸೆಗೆ ಬರಲಿಲ್ಲ ಎಂದು ಬರೆಯೋಣ, ಅದು ತೀರಾ ಸುಳ್ಳೂ ಅಲ್ಲವಲ್ಲ ಎಂದರು. ಅದು ಬೇಡವೆಂದರೆ ಓಬಳೇಶನಿಗೆ ಒಂದು ನೋಟೀಸು.

"ನೀವು ಕೆಲಸ ಸರಿಯಾಗಿ ಮಾಡಿದ್ದಕ್ಕೇ ಹಿಂಗಾಯ್ತು ಅಂತ ಯಾರಾದ್ರೂ ಒಪ್ತಾರೇನಮ್ಮ?" ಎಂದರು. ಕೇಳಿದ ರೀತಿಯಲ್ಲಿ ಕನಿಕರವೇ ಇತ್ತು.

ಅನುಸೂಯ ಒಂದು ಹಾಳೆಯಲ್ಲಿ ಬಾಕ್ಸನ್ನು ಮಾಡಿದ್ದು ಯಾರು, ಎಂಟರ್ ಒತ್ತಿದರೆ ಹೌದು ಆಗುವಂತೆ ಯಾಕೆ ಮಾಡಿದ್ದು, ವಯಸ್ಸು ಹೇಗೆ ಮರೆಯಾದದ್ದು ಎಂದು ಬರೆದು ಕೆಳಗೆ ಸಹಿ ಹಾಕಿದಳು. ಮೂರು ಸಲ ಓದಿದಳು. ಓದಿದಷ್ಟೂ ಅದು ತಪ್ಪೊಪ್ಪಿಗೆಯಂತೆ ಕಾಣದೆ ಯಂತ್ರ ಬಿಚ್ಚಿ ಜೋಡಿಸುವ ವಿಧಾನದಂತೆ ಕಂಡಿತು. ಜಂಪಣ್ಣನವರು ಅದನ್ನು ತೆಗೆದುಕೊಂಡು, ನೋಡೋಣ ಎಂದು ಡ್ರಾಯರಿನಲ್ಲಿಟ್ಟರು. ಅದು ಅಲ್ಲಿಂದ ಮುಂದಕ್ಕೆ ಹೋದದ್ದನ್ನು ಯಾರೂ ನೋಡಲಿಲ್ಲ.

ಈರಬಸಪ್ಪನಿಗೆ ತಾನೇ ಹೇಳಬೇಕೆಂದು ಅವಳು ನಿರ್ಧರಿಸಿಕೊಂಡಳು. ನಿರ್ಧರಿಸಿದ ಮೇಲೂ ನಾಲ್ಕು ದಿನ ಆಸ್ಪತ್ರೆಗೆ ಹೋಗಿ, ಎಳನೀರು ಕೊಟ್ಟು, ಹುಡುಗಿಯ ತಲೆ ಬಾಚಿ, ಹೇಳದೆ ವಾಪಸು ಬಂದಳು. ಹುಡುಗಿಗೆ ಮಾತು ಬೇಕಿತ್ತು. ಧರ್ಮಪುರದ ಮಿಲ್ಲಿನಲ್ಲಿ ಶೇಂಗಾ ಕಾಯಿ ಸುಲಿಯಲು ಹೋಗುತ್ತಿದ್ದಾಗ ಜೊತೆಯವರು ಮಾಡುತ್ತಿದ್ದ ತಮಾಷೆಗಳನ್ನು ಹೇಳುತ್ತಿದ್ದಳು. ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು. ಐದನೆಯ ದಿನ ಅವಳಿಗೆ ನಿದ್ದೆ ಹತ್ತಿದಾಗ ಅನುಸೂಯ ಈರಬಸಪ್ಪನನ್ನು ವಾರ್ಡಿನ ಹಿಂದಿನ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದಳು. ಬಾಕ್ಸಿನ ವಿಷಯ ಹೇಳಿದಳು. ಅವನಿಗೆ ತಿಳಿಯಲೆಂದು ನೆಲದ ಮೇಲೆ ಕಡ್ಡಿಯಿಂದ ಚೌಕ ಎಳೆದು, ಇಲ್ಲಿ ಹೆಸರು, ಇಲ್ಲಿ ವಯಸ್ಸು, ಇದು ಬಂದಾಗ ಅದು ಕಾಣಲಿಲ್ಲ ಎಂದು ತೋರಿಸಿದಳು.

ಅವನು ಕುಕ್ಕರುಗಾಲಲ್ಲಿ ಕೂತು ಆ ಚೌಕವನ್ನು ಬಹಳ ಹೊತ್ತು ನೋಡಿದ.

"ನನ್ ತಾವ ನೂರೈವತ್ತು ಕುರಿ ಅವೆ," ಎಂದ. "ಒಂದಕ್ಕೂ ಹೆಸರಿಲ್ಲ. ಒಂದು ಕಮ್ಮಿ ಬಂದ್ರೂ ಸಂಜಿಗೆ ನಂಗೊತ್ತಾಗ್ತೈತೆ."

ಅನುಸೂಯ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟಳು.

"ನೀನೂ ಬಂದು ಒಂದ್ ಸಲ ನೋಡಬೌದಿತ್ತು ತಾಯಿ. ಹಟ್ಟಿ ಏನ್ ದೂರ ಇರ್ಲಿಲ್ಲ." ದನಿ ಏರಿರಲಿಲ್ಲ. ಮತ್ತೆ ಹೇಳಿದ, "ಕಾಯ್ರಿ ಅಂದ್ರು, ಕಾದ್ವಿ. ಕಾಯದೆ ಇದ್ದಿದ್ರೆ ಬೇರೆ ಎಲ್ಲಾದ್ರೂ ತೋರಿಸ್ತಿದ್ವಿ."

ಎದ್ದು, ಕಂಬಳಿ ಕೊಡವಿ, ಮಗಳು ಎದ್ದಿರಬಹುದು ಎಂದು ಒಳಗೆ ಹೋದ. ಅವಳನ್ನು ಬರಬೇಡ ಎನ್ನಲಿಲ್ಲ. ಅವಳು ಬಂದಾಗಲೆಲ್ಲ ಸ್ಟೂಲು ಬಿಟ್ಟುಕೊಟ್ಟು ತಾನು ನೆಲದ ಮೇಲೆ ಕೂರುತ್ತಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ಯುಗಾದಿಯ ಹೊತ್ತಿಗೆ ಹುಡುಗಿಗೆ ಜ್ವರ ಇಳಿದು, ಎರಡು ದಿನ ಅನ್ನ ಸೇರಿತು. ತಾಯಿ ಹಟ್ಟಿಯಿಂದ ಹೋಳಿಗೆ ತಂದಿದ್ದಳು. ಹುಡುಗಿ ಅರ್ಧ ತಿಂದು, ಉಳಿದರ್ಧವನ್ನು ಅನುಸೂಯಳಿಗೆಂದು ಕಾಗದದಲ್ಲಿ ಸುತ್ತಿಟ್ಟಿದ್ದಳು. ಮೂರನೆಯ ದಿನ ಬೆಳಗ್ಗೆ ಒಂದೇ ಸಮನೆ ರಕ್ತ ಬಂತು. ಹತ್ತೂವರೆಗೆ ಅನುಸೂಯ ಬಂದಾಗ ಹಾಸಿಗೆಯನ್ನು ಎರಡಾಗಿ ಮಡಚಿ ಮಂಚದ ತಲೆಯ ಕಡೆ ಇಟ್ಟಿದ್ದರು. ಕಬ್ಬಿಣದ ಪಟ್ಟಿಗಳ ಮೇಲೆ ನೀರು ಹೊಯ್ದು ತೊಳೆದಿದ್ದರು. ನೀರು ಇನ್ನೂ ಒಂದೊಂದೇ ಹನಿಯಾಗಿ ನೆಲಕ್ಕೆ ಬೀಳುತ್ತಿತ್ತು.

ಡಾಕ್ಟರನ್ನು ಅವಳು ಒಂದೇ ಪ್ರಶ್ನೆ ಕೇಳಿದಳು. ನಾಲ್ಕು ತಿಂಗಳು ಮೊದಲು ಶುರುವಾಗಿದ್ದರೆ? ಉಳಿಯುತ್ತಿದ್ದಳು ಎಂದೇ ಹೇಳಬೇಕು ಎಂದರು ಅವರು. ಎರಡು ದಿನ ಬಿಟ್ಟು ಮತ್ತೆ ಕೇಳಿದಾಗ, ಅವಳ ಮುಖ ನೋಡಿ, ಅದೇನೋ ಹೇಳಲು ಬರುವುದಿಲ್ಲ, ಆ ಹುಡುಗಿಗೆ ಮೈಯಲ್ಲಿ ಮೊದಲಿಂದಲೂ ಶಕ್ತಿ ಇರಲಿಲ್ಲ ಎಂದರು. ಎರಡರಲ್ಲಿ ಯಾವುದು ನಿಜವೋ, ಯಾವುದು ಕನಿಕರವೋ ಅವಳಿಗೆ ತಿಳಿಯಲಿಲ್ಲ.

ಬಾಕ್ಸನ್ನು ಅವಳು ತೆಗೆದುಹಾಕಲಿಲ್ಲ. ಇಬ್ಬರ ವಯಸ್ಸನ್ನೂ ಬಾಕ್ಸಿನೊಳಗೇ ದಪ್ಪ ಅಕ್ಷರದಲ್ಲಿ ಬರುವಂತೆ ಮಾಡಿದಳು. ಎಂಟರ್ ಒತ್ತಿದರೆ ಏನೂ ಆಗದಂತೆ ಮಾಡಿದಳು. ಅರ್ಧ ದಿನದ ಕೆಲಸ. ಆಮೇಲೆ ಕುಳಿತು, ಬಾಕ್ಸು ಬಂದಾಗಿನಿಂದ ಎಷ್ಟು ಸಲ ಹೌದು ಎಂದು ಒತ್ತಿದ್ದಾರೆ ಎಂದು ಹುಡುಕಿದಳು. ನಾನೂರಕ್ಕೂ ಮೇಲಿತ್ತು. ಅವುಗಳಲ್ಲಿ ಚಿಕಿತ್ಸೆ ಮುಗಿದುಹೋಗಿದ್ದ ದಾಖಲೆಗೆ ಹೊಸ ಚೀಟಿ ಸೇರಿದ್ದವು ಮೂವತ್ತೇಳು. ಹೊಸ ಚೀಟಿಯ ವಯಸ್ಸು ಎಲ್ಲೂ ಉಳಿದಿರಲಿಲ್ಲ. ಹೌದು ಎಂದ ಕೂಡಲೇ ಹಳೆಯದೇ ನಿಲ್ಲುವಂತೆ ಅವಳೇ ಬರೆದಿದ್ದಳು. ಅದೇ ರೋಗಿಗೆ ರೋಗ ಮರಳಿ ಬಂದದ್ದೋ, ಅದೇ ಹೆಸರಿನ ಇನ್ನೊಬ್ಬರೋ ಎಂದು ತಿಳಿಯಬೇಕಾದರೆ ಮನೆಗೇ ಹೋಗಿ ಅರ್ಧ ಚೀಟಿ ಕೇಳಬೇಕಿತ್ತು.

ಎರ್ರಿಸ್ವಾಮಿ ಕೇಳದೆಯೇ ಜೊತೆಗೆ ಬಂದ. ಭಾನುವಾರಗಳಂದು ಇಬ್ಬರೂ ಹೊರಡುತ್ತಿದ್ದರು. ಬಸ್ಸು ಹೋಗುವ ಕಡೆಗೆ ಬಸ್ಸು, ಇಲ್ಲದ ಕಡೆಗೆ ಅವನ ಟಿವಿಎಸ್. ಹೊರಕೆರೆದೇವರಪುರದ ಮನೆಯೊಂದರಲ್ಲಿ ಅದೇ ಮುದುಕನೇ ಸಿಕ್ಕಿದ, ರೋಗ ಮರಳಿತ್ತು, ಮಾತ್ರೆ ನಡೆಯುತ್ತಿತ್ತು. ಆ ಹಾದಿಯಲ್ಲೇ ಇನ್ನೊಂದು ಕಡೆ ಹದಿನಾರರ ಹುಡುಗನೊಬ್ಬ ಸಿಕ್ಕಿದ. ಅಜ್ಜನ ಹೆಸರು, ಐದು ವಾರದ ಕೆಮ್ಮು, ಪಟ್ಟಿಯಲ್ಲಿ ಅಜ್ಜನ ವಯಸ್ಸಿನೊಂದಿಗೇ ಬಂದಿದ್ದ ಹೆಸರು. ಅವನನ್ನು ಅವತ್ತೇ ಕರೆತಂದು ಸೇರಿಸಿದರು. ಈರಬಸಪ್ಪನಿಗೆ ಈ ಸುದ್ದಿ ಹೇಳಬೇಕೆಂದು ಅನುಸೂಯಳಿಗೆ ಅನ್ನಿಸಿತು, ಯಾವ ಮುಖ ಇಟ್ಟುಕೊಂಡು ಹೇಳುವುದೆಂದು ಸುಮ್ಮನಾದಳು.

ಬಾಗೂರಿನಲ್ಲಿ ಒಂದು ಮನೆಯ ಮುಂದೆ ನಿಂತು, ಈ ಮನೆಯಲ್ಲಿ ರಂಗಯ್ಯ ಅಂತ ಎಷ್ಟು ಜನ ಇದ್ದೀರಿ ಎಂದು ಅವಳು ಕೇಳಿದಳು. ಜಗಲಿಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೊನ್ನಕ್ಕ ಎಂಬ ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾಕವ್ವ, ರಂಗಯ್ಯನ್ನ ಹಂಚ್ತಾ ಬಂದಿದೀಯಾ?" ಎಂದು ನಕ್ಕು, ಒಳಗೆ ತಿರುಗಿ ಕೂಗಿದಳು. "ಲೇ, ಎಲ್ಲಾ ರಂಗಯ್ಯಗಳೂ ಹೊರಗೆ ಬರ್ರಪ್ಪ."

ಮೂವರು ಬಂದರು. ಒಬ್ಬ ಹಲ್ಲಿಲ್ಲದ ಮುದುಕ, ಒಬ್ಬ ಹೆಗಲ ಮೇಲೆ ನೇಗಿಲ ಹಗ್ಗ ಹಾಕಿಕೊಂಡಿದ್ದವನು, ಒಂದು ಬರಿಮೈಯ ಮಗು. ಮೂವರೂ ಗೋಡೆಯ ನೆರಳಿನಲ್ಲಿ ಸಾಲಾಗಿ ನಿಂತರು. ಯಾರಿಗೆ ಎಷ್ಟು ದಿನದಿಂದ ಕೆಮ್ಮು ಎಂದು ಅನುಸೂಯ ಒಬ್ಬೊಬ್ಬರನ್ನೇ ಕೇಳಿದಳು. ಉತ್ತರ ಬರುವ ತನಕ ಪೆನ್ನನ್ನು ಕಾಗದಕ್ಕೆ ತಾಗಿಸಲಿಲ್ಲ.

ಒಂದು ಸುತ್ತು ಮುಗಿಸುವ ಹೊತ್ತಿಗೆ ಮೂವತ್ತು ಮನೆಗಳಾಗಿದ್ದವು. ಉಳಿದ ಏಳಕ್ಕೆ ಬೀಗ ಇತ್ತು. ಕುರಿಯ ಹಿಂದೆ ಹೋಗಿದ್ದಾರೆ, ಮಳೆ ಬಿದ್ದ ಮೇಲೆ ಬಂದಾರು ಎಂದು ಅಕ್ಕಪಕ್ಕದವರು ಹೇಳಿದರು. ಮಳೆಗೆ ಮೊದಲೇ ಟ್ರಸ್ಟಿನ ಕೆಲಸ ನಿಂತಿತು. ಅನುಸೂಯ ಮತ್ತೆ ಎರಡು ಸಲ ಹೋಗಿಬಂದಳು. ಬೀಗಗಳು ಹಾಗೇ ಇದ್ದವು, ಹೊಸ್ತಿಲಿನ ಮೇಲೆ ಗಾಳಿ ತಂದು ಹಾಕಿದ ಬೇವಿನೆಲೆ ಇತ್ತು.

ಕಾರ್ತಿಕದ ಆ ಸಂಜೆ ಓಬಳೇಶ ಪ್ರಶ್ನೆಯನ್ನು ಓದಿ ಒತ್ತಿದನೋ, ಓದದೆ ಒತ್ತಿದನೋ ಅವನಿಗೂ ನೆನಪಿಲ್ಲ. ಓದಿದ್ದರೂ ಅವನು ಅಲ್ಲ ಎಂದು ಒತ್ತುತ್ತಿದ್ದನೇ ಎಂಬುದನ್ನು ಈಗ ಯಾರೂ ಹೇಳಲಾರರು. ಆ ಏಳು ಮನೆಗಳಲ್ಲಿ ಒಂದೇ ಹೆಸರಿನವರು ಎಷ್ಟು ಜನ ಇದ್ದರು, ಅವರಲ್ಲಿ ಯಾರು ಯಾರು ಉಳಿದರು ಎಂಬುದು ಇವತ್ತಿನವರೆಗೂ ಗೊತ್ತಾಗಿಲ್ಲ.